ಗ್ರಹಣಕ್ಕೆ ಕತ್ತರಿಸಿದ ಎಕ್ಸ್-ರೇ

ಇರಲಾರದೆ ಇರುವೆ ಬಿಟ್ಟುಕೊಂಡದ್ದು ರಮಾಮಣಿಯೇ. ವಾದಿರಾಜರಿಗೆ ಕೆಮ್ಮಿರಲಿಲ್ಲ, ದಮ್ಮಿರಲಿಲ್ಲ. ವಿಮಾ ಕಚೇರಿಯಿಂದ ನಿವೃತ್ತರಾಗಿ ಮೂರು ವರ್ಷವಾಗಿದ್ದರೂ ಜೀವನ್ ಬಿಮಾ ನಗರದ ಮನೆಯ ಎರಡನೇ ಮಹಡಿಗೆ ತರಕಾರಿ ಚೀಲ ಹಿಡಿದು ನಿಲ್ಲದೆ ಹತ್ತುತ್ತಿದ್ದರು. ಬೆಳಿಗ್ಗೆ ಪೂಜೆಗೆ ಕೂತರೆ ನಾಲ್ಕು ಸಾಲು ಸ್ತೋತ್ರ ಒಂದೇ ಉಸಿರಿಗೆ ಹೇಳುತ್ತಿದ್ದರು. ಆದರೆ ಒಂದು ಕಾಲದಲ್ಲಿ ದಿನಕ್ಕೊಂದು ಪ್ಯಾಕು ಸಿಗರೇಟು ಸುಟ್ಟವರು. ಇಂದಿರಾನಗರದ ಹೊಸ ಸ್ಕ್ಯಾನ್ ಸೆಂಟರಿನವರು, ಸೇದುತ್ತಿದ್ದವರೆಲ್ಲ ಶ್ವಾಸಕೋಶ ತೋರಿಸಿಕೊಳ್ಳಿ ಎಂದು ಪೇಪರಿನೊಳಗೆ ಚೀಟಿ ಹಾಕಿದ್ದೇ ತಡ, ಆಕೆ ಗಂಡನನ್ನು ಹೊರಡಿಸಿಬಿಟ್ಟಳು. ಅದು 2009ರ ಫೆಬ್ರವರಿ.

ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಒಂದು ಚುಕ್ಕೆ ಸಿಕ್ಕಿತು. ಕಡಲೆಬೇಳೆಯಷ್ಟು ದೊಡ್ಡದು.

"ಹಳೇ ಎಕ್ಸ್-ರೇ ಏನಾದ್ರೂ ಇದೆಯಾಮ್ಮ?" ಎಂದರು ಡಾಕ್ಟರು. "ಆಗ್ಲೂ ಇಷ್ಟೇ ಇದ್ದಿದ್ರೆ ನಾವು ಮುಟ್ಟೋದೇ ಬೇಡ. ಇಲ್ಲಾಂದ್ರೆ ಮೂರು ತಿಂಗಳು ಕಾದು ಇನ್ನೊಂದ್ಸಲ ಸ್ಕ್ಯಾನ್ ಮಾಡೋಣ. ಕಾಯೋಕಾಗಲ್ಲ ಅಂದ್ರೆ ಆಪರೇಷನ್."

ಹಳೆಯ ಎಕ್ಸ್-ರೇ ಇತ್ತು. ತೊಂಬತ್ತನಾಲ್ಕರಲ್ಲಿ ಕೆಮ್ಮು ಬಿಡದೆ ಕಾಡಿದಾಗ ತೆಗೆಸಿದ್ದು, ಟಿ.ಬಿ. ಇಲ್ಲ ಎಂದು ಹೇಳಿ ಆಗಿನ ಡಾಕ್ಟರು ಕೈಗೆ ಕೊಟ್ಟು ಕಳಿಸಿದ್ದರು. ಮರುವರ್ಷ ದೀಪಾವಳಿಯ ಹೊತ್ತಿಗೇ ಸೂರ್ಯಗ್ರಹಣ ಬಂತು. ಗ್ರಹಣ ನೋಡಲು ಎಕ್ಸ್-ರೇ ಫಿಲ್ಮು ಇದ್ದರೆ ಸಾಕು ಎಂದು ಇಡೀ ಕಾಲೊನಿ ನಂಬಿದ್ದ ಕಾಲ. ಉಪ್ಪಿನಕಾಯಿ ಭರಣಿಯ ಮೇಲೆ ದರ್ಭೆ ಇಟ್ಟು, ರವಿಕೆ ಬಟ್ಟೆ ಕತ್ತರಿಸುವ ಕತ್ತರಿಯಲ್ಲೇ ಗಂಡನ ಎದೆಗೂಡನ್ನು ಆರು ತುಂಡು ಮಾಡಿ ಆರು ಮನೆಗೆ ಹಂಚಿದ್ದಳು ಈ ಮಹಾತಾಯಿ. ಎಲ್ಲರೂ ಹೊಗಳಿದ್ದೇ ಹೊಗಳಿದ್ದು.

ಈಗ ಆ ತುಂಡುಗಳಿಗಾಗಿ ಮನೆಮನೆ ಸುತ್ತಿದಳು. ತಮ್ಮ ಪಾಲಿನದು ಅಟ್ಟದ ಮೇಲೆ ಸಿಕ್ಕಿತು. ಅದರಲ್ಲಿದ್ದದ್ದು ಎಡ ಭುಜ. ಟಿನ್ ಫ್ಯಾಕ್ಟರಿಯಲ್ಲಿ ಬಸ್ಸಿಳಿದು, ಆಟೊ ಹಿಡಿದು, ರಾಮಮೂರ್ತಿ ನಗರಕ್ಕೆ ಮನೆ ಬದಲಿಸಿದ್ದ ಹಳೆಯ ನೆರೆಯವರಿಂದ ಇನ್ನೊಂದು ತಂದಳು. ಅದರಲ್ಲಿ ಹೃದಯದ ತಳಭಾಗ. ಮೂರು ಮನೆಯವರಿಗೆ ನೆನಪೇ ಇರಲಿಲ್ಲ. ಉಳಿದವಳು ಹಿಂದಿನ ಬೀದಿಯ ಅಣ್ಣಮ್ಮ. ಕಾಲೊನಿ ಎದ್ದ ಜಾಗದಲ್ಲಿ ಒಂದು ಕಾಲಕ್ಕೆ ಅವಳ ಗಂಡ ಮುನಿಆಂಜನಪ್ಪನವರು ರಾಗಿ ಬೆಳೆಯುತ್ತಿದ್ದರು.

"ನಮ್ ಹಂಸ ಎಲ್ಲೋ ಮಡಗವ್ಳೆ ಅಕ್ಕಾ. ಹೊಸಕೋಟೆಯಿಂದ ಬಂದಾಗ ಕೇಳ್ತೀನಿ," ಎಂದಳು ಅಣ್ಣಮ್ಮ. ಮಗಳು ಹಂಸ ಆಗ ಗಂಡನ ಮನೆಯಲ್ಲೇ ಬಾಣಂತಿ, ಸದ್ಯಕ್ಕೆ ಬರುವ ಹಾಗಿರಲಿಲ್ಲ.

ಕಾಯಬಹುದಿತ್ತು. ಆದರೆ ಕಾಯುವುದೆಂದರೆ ಏನು ಎಂದು ಕಾದವರಿಗೇ ಗೊತ್ತು. ವಾದಿರಾಜರು ಗಂಟಲು ಸರಿಮಾಡಿಕೊಂಡರೂ ರಮಾಮಣಿ ಒಲೆ ಬಿಟ್ಟು ಓಡಿ ಬರುವಳು. ಕರವಸ್ತ್ರ ಒಗೆಯುವ ಮೊದಲು ಬಿಸಿಲಿಗೆ ಹಿಡಿದು ರಕ್ತ ಹುಡುಕುವಳು. ಕುಕ್ಕರಿನಲ್ಲಿ ಕಡಲೆಬೇಳೆ ಹಾಕುವಾಗ ಒಂದನ್ನು ಬೆರಳ ತುದಿಯಲ್ಲಿ ಹಿಡಿದು ನೋಡುವಳು. ಆ ಗಾತ್ರದ್ದೊಂದು ಗಂಡನ ಎದೆಯಲ್ಲಿ ಕೂತು ಬೆಳೆಯುತ್ತಿದೆ ಎಂಬ ಭಯ ಅವಳನ್ನು ಹಿಂಡಿ ಹಿಪ್ಪೆ ಮಾಡಿತು. ಹನ್ನೊಂದನೆಯ ದಿನ ತಟ್ಟೆಯ ಮುಂದೆಯೇ ಅತ್ತುಬಿಟ್ಟಳು.

"ತೆಗೆಸಿಬಿಡಿ ರೀ. ನನ್ ಕೈಲಿ ಆಗಲ್ಲ."

"ಹಂಗೇ ಆಗ್ಲಿ ಬಿಡೆ," ಎಂದರು ವಾದಿರಾಜರು. ಅವರಿಗೂ ಹೆದರಿಕೆಯೇ, ಹೇಳಿಕೊಂಡಿರಲಿಲ್ಲ ಅಷ್ಟೆ.

ಬಲ ಶ್ವಾಸಕೋಶದ ಮೇಲಿನ ಭಾಗ ಹೋಯಿತು. ಕ್ಯಾನ್ಸರೇ ಎಂದು ರಿಪೋರ್ಟು ಬಂತು, ನಿಧಾನದ ಜಾತಿಯದು, ಪೂರ್ತಿ ತೆಗೆದಿದ್ದೇವೆ ಎಂದೂ. ಬಂದವರೆಲ್ಲ ರಮಾಮಣಿಯ ಕೈ ಹಿಡಿದು, ಸತಿ ಸಾವಿತ್ರಿ ಕಣ್ರೀ ನೀವು ಎಂದರು. ಅವಳೂ ನಂಬಿದಳು. ಗಂಡ ಪ್ರತಿ ತಿರುವಿನಲ್ಲಿ ಕಂಬಿ ಹಿಡಿದು ನಿಂತು ಮೆಟ್ಟಿಲು ಹತ್ತುವಾಗ, ಸ್ತೋತ್ರದ ಒಂದು ಸಾಲು ಎರಡು ಉಸಿರಿಗೆ ಒಡೆಯುವಾಗ, ಹೋಗಲಿ, ಜೀವ ಉಳಿಯಿತಲ್ಲ ಎಂದುಕೊಂಡಳು.

ಜುಲೈನಲ್ಲಿ ಮತ್ತೆ ಸೂರ್ಯಗ್ರಹಣ ಬಂತು, ಮುಂಜಾನೆಯೇ. ತಾರಸಿಯ ಮೇಲೆ ತೆಳು ಮೋಡದ ಬೆಳಕಿತ್ತು. ಅಣ್ಣಮ್ಮ ಏದುಸಿರು ಬಿಡುತ್ತ ಬಂದಳು.

"ಸಿಕ್ತು ನೋಡಕ್ಕಾ! ಹಂಸ ಬಂದವ್ಳೆ. ಅವಳ ಇಸ್ಕೂಲು ಜಾಮಿಟ್ರಿ ಬಾಕ್ಸಲ್ಲೇ ಇತ್ತು. ಆಪರೇಷನ್ ಆಗೋಯ್ತು, ಈಗ ಗ್ರಹಣಕ್ಕಾದ್ರೂ ಆಗ್ಲಿ ಅಂತ ತಂದೆ."

ತುಂಡಿನ ಮೂಲೆಯಲ್ಲಿ ವಾದಿರಾಜರ ಹೆಸರು, ಇಸವಿ 94. ರಮಾಮಣಿ ಆಕಾಶಕ್ಕೆ ಹಿಡಿದಳು. ಭುಜದ ಮೂಳೆಯ ಕೆಳಗೆ, ಡಾಕ್ಟರು ಪೆನ್ನಿನಿಂದ ಸುತ್ತು ಹಾಕಿ ತೋರಿಸಿದ್ದ ಅದೇ ಜಾಗದಲ್ಲಿ, ಒಂದು ಬಿಳಿ ಚುಕ್ಕೆ. ಕಡಲೆಬೇಳೆಯಷ್ಟೇ. ಹೆಸರಿಗೆ ಕ್ಯಾನ್ಸರಾದರೂ ಹದಿನೈದು ವರ್ಷ ಅದು ಬೆಳೆಯದೆ, ಯಾರ ತಂಟೆಗೂ ಹೋಗದೆ ಅಲ್ಲೇ ಕೂತಿತ್ತು.

ಮೆಟ್ಟಿಲ ಮೇಲೆ ಸದ್ದಾಯಿತು. ಮೂರು ಹೆಜ್ಜೆ, ಒಂದು ನಿಲುಗಡೆ. ಮತ್ತೆ ಮೂರು ಹೆಜ್ಜೆ. ಮುಚ್ಚಿಡಲು ಸೆರಗು ಹುಡುಕುವಷ್ಟರಲ್ಲಿ ವಾದಿರಾಜರು ಬಂದೇಬಿಟ್ಟು ತುಂಡನ್ನು ಅವಳ ಕೈಯಿಂದ ತೆಗೆದುಕೊಂಡು ಸೂರ್ಯನಿಗೆ ಹಿಡಿದರು.

"ಅರ್ಧ ನುಂಗಿದೆ ನೋಡೇ... ಪಕ್ಕದಲ್ಲೇನೋ... ಚುಕ್ಕೆ ಇದೆಯಲ್ಲ?"

"ಬೂಷ್ಟು ರೀ," ಎಂದಳು. "ಹಳೇ ಫಿಲ್ಮು."

"ಇರ್ಬೇಕು." ಅವರು ನಗುತ್ತ ಅಣ್ಣಮ್ಮನ ಕಡೆ ತಿರುಗಿದರು. "ಸೋಮವಾರ ನಿಮ್ಮೆಜಮಾನ್ರನ್ನ ನಾನೇ ಸ್ಕ್ಯಾನಿಗೆ ಕರ್ಕೊಂಡ್ ಹೋಗ್ತೀನಮ್ಮ. ಅವರೂ ಬೀಡಿ ಸೇದಿದವರಲ್ವಾ. ನಾನು ಉಳಿದಿದ್ದೇ... ಇವಳಿಂದ."

"ದೇವರಂಗೆ ಹೇಳಿದ್ರಿ ಸಾಮಿ," ಎಂದು ಅಣ್ಣಮ್ಮ ಕೈ ಮುಗಿದಳು.

ಸುಮ್ಮನಿದ್ದರೆ ರಮಾಮಣಿಯ ಸಾವಿತ್ರಿ ಪಟ್ಟ ಹಾಗೇ ಉಳಿಯುತ್ತಿತ್ತು. ಆದರೆ ಮುಗಿದ ಆ ಎರಡು ಕೈ ನೋಡಿ ತಡೆಯಲಾಗಲಿಲ್ಲ.

"ಅಣ್ಣಮ್ಮ, ಅವಸರ ಮಾಡ್ಬೇಡಿ. ಹೋದ್ರೂ ಅವರ ಹಳೇ ಎಕ್ಸ್-ರೇ ಇದ್ರೆ ಮೊದ್ಲು ಹುಡುಕಿ. ಸಿಗೋವರ್ಗೂ ಕಾಯಿರಿ. ಎಷ್ಟು ಹೆದರಿಕೆ ಆದ್ರೂ ಕಾಯಿರಿ."

ದನಿ ಒಡೆಯಿತು. ವಾದಿರಾಜರ ನಗು ನಿಂತಿತು. ಅವರು ಹೆಂಡತಿಯ ಮುಖವನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ತುಂಡನ್ನು ಮತ್ತೆ ಎತ್ತಿದರು, ಈ ಸಲ ಸೂರ್ಯನನ್ನು ಬಿಟ್ಟು ಬರೀ ಬಿಳಿ ಮೋಡಕ್ಕೆ. ಬಹಳ ಹೊತ್ತು ನೋಡಿದರು. ನೋಡುತ್ತಿದ್ದ ಹಾಗೆ ಅವರ ಇನ್ನೊಂದು ಕೈ ಮೆಲ್ಲಗೆ ಬಲ ಪಕ್ಕೆಯ ಹೊಲಿಗೆಯ ಮೇಲೆ ಹೋಯಿತು.