ಬಂದೂಕು ಬರುವ ಶನಿವಾರ

ಮೈದುನನ ಪ್ಯಾಂಟಿನ ಎಡಗಾಲನ್ನು ಮಡಚಿ ಗುಂಡುಸೂಜಿ ಚುಚ್ಚಿ ಆಗಿತ್ತು. ಬಲಗಾಲಿಗೆ ಕೈ ಹಾಕುವಷ್ಟರಲ್ಲಿ ಹಜಾರದಲ್ಲಿ ಯಾರೋ ಗೊಳ್ಳೆಂದು ನಕ್ಕರು.

ಸಾವಿನ ಮನೆಯಲ್ಲಿ ನಗು. ಮೊಣಕಾಲೂರಿ ಕೂತಿದ್ದ ದರ್ಜಿಯಮ್ಮ ಕತ್ತೆತ್ತಿ ಆ ಕಡೆ ನೋಡಿದಳು. ತುಟಿಗಳ ನಡುವೆ ಸಾಲಾಗಿ ಸೂಜಿಗಳಿದ್ದುದರಿಂದ ಏನೆಂದು ಕೇಳುವಂತಿರಲಿಲ್ಲ. ಗಂಡ ಒಳಕೋಣೆಯಲ್ಲಿ ಪೆಟ್ಟಿಗೆಯೊಳಗೆ ಮಲಗಿದ್ದ. ಮಧ್ಯಾಹ್ನ ಮೂರಕ್ಕೆ ಮಣ್ಣು. ಈ ಮೈದುನನೋ, ಯಾರದೋ ಕರಿ ಸೂಟು ಎರವಲು ತಂದು ಹಾಕಿಕೊಂಡು ಬಂದಿದ್ದ. ಸೂಟಿನ ಯಜಮಾನ ಇವನಿಗಿಂತ ಒಂದು ಗೇಣು ಉದ್ದವಿದ್ದಿರಬೇಕು. ಅಣ್ಣನ ಪೆಟ್ಟಿಗೆಗೆ ಹೆಗಲು ಕೊಟ್ಟವನು ಪ್ಯಾಂಟು ತೊಡರಿ ಬಿದ್ದರೆ ಸತ್ತವನಿಗಿಂತ ಬಿದ್ದವನ ಮಾತೇ ಹೆಚ್ಚಾಗುತ್ತದೆ ಎಂದು ಅವಳೇ ಸೂಜಿ ಹಿಡಿದು ಕೂತಿದ್ದಳು. ಕೈಗೊಂದು ಕೆಲಸ ಸಿಕ್ಕಿದ್ದು ಅವಳಿಗೂ ಒಳ್ಳೆಯದೇ ಆಗಿತ್ತು.

ನಗಿಸಿದವನು ಕಂಡಕ್ಟರು. ಅವಳ ಗಂಡ ಓಡಿಸುತ್ತಿದ್ದ ಬಸ್ಸಿನಲ್ಲೇ ಟಿಕೆಟ್ ಹರಿದು ಹರಿದು ಮುದುಕನಾದವನು. ಬಾಯಿ ಸುಮ್ಮನಿದ್ದರೆ ಅವನಿಗೆ ಜ್ವರ ಬಂದಂತೆ.

"ನಾನು ಹೇಳೋದು ಇಷ್ಟೇ," ಎನ್ನುತ್ತಿದ್ದ, "ಸಾಯೋಕೂ ಆ ಬಂದೂಕು ಲೈಸೆನ್ಸಿನ ಆಫೀಸಿಂದಲೇ ಒಪ್ಪಿಗೆ ತಗೋಬೇಕಾಗಿದ್ದಿದ್ರೆ ನಮ್ಮ ಡ್ರೈವರು ನೂರು ವರ್ಷ ಬದುಕ್ತಿದ್ದ. ಪೂರ್ವಾಪರ ವಿಚಾರಣೆ ನಡೀತಿದೆ, ಸ್ವಲ್ಪ ದಿನ ಬಿಟ್ಟು ಸಾಯಿರಿ ಅಂತಿದ್ರು."

ಮತ್ತೆ ನಗು. ನಗುವಿನ ಬಾಲಕ್ಕೆ ಇನ್ನೊಂದು ದನಿ ಸೇರಿಕೊಂಡಿತು. "ಪಾಪ. ಜೀವನದಲ್ಲಿ ಆಸೆಪಟ್ಟಿದ್ದು ಒಂದೇ ಒಂದು. ಅದಕ್ಕೂ ಕಾದು ಕಾದು ಹಾಗೇ ಹೋದ."

ಆ 'ಪಾಪ' ಅವಳಿಗೆ ಗುಂಡುಸೂಜಿಗಿಂತ ಚೆನ್ನಾಗಿ ಚುಚ್ಚಿತು. ಬಾಯಲ್ಲಿದ್ದ ಸೂಜಿಗಳನ್ನೆಲ್ಲ ಒಂದೇ ಸಲಕ್ಕೆ ಅಂಗೈಗೆ ಉಗಿದು ಎದ್ದು ನಿಂತಳು.

"ಅತ್ತಿಗೆ, ಇನ್ನೊಂದು ಕಾಲು?" ಎಂದ ಮೈದುನ.

"ಬಂದು ಮಾಡ್ತೀನಿ. ಅಲ್ಲೀವರೆಗೂ ಓಡಾಡಬೇಡ, ಕೂತಿರು."

"ಇವತ್ತು ಎಲ್ಲಿಗೆ ಹೋಗ್ತೀರಿ?"

"ಆ ಆಫೀಸಿಗೆ. ಆ ಹಾಳು ಕಾಗದ ಇವತ್ತು ನಿಮ್ಮಣ್ಣನ ಕೈಗೆ ಇಟ್ಟೇ ಕಳಿಸೋದು. ಕಂಡಕ್ಟ್ರೇ, ಏಳಿ. ನಕ್ಕಿದ್ದು ಸಾಕು, ನನ್ನ ಜೊತೆ ಬನ್ನಿ."

*

ಅವಳ ಗಂಡ ಮಾತಿನ ಮನುಷ್ಯನಾಗಿರಲಿಲ್ಲ. ಪ್ರಾಯದಲ್ಲಿ ಸ್ವಲ್ಪ ಆಡುತ್ತಿದ್ದನೇನೋ. ಆದರೆ 'ಚಾಲಕರೊಡನೆ ಮಾತನಾಡಬಾರದು' ಎಂಬ ಬೋರ್ಡಿನ ಕೆಳಗೆ ಅರ್ಧ ಆಯುಷ್ಯ ಕೂತವನಿಗೆ ಮನೆಗೆ ಬಂದ ಮೇಲೂ ಆ ಬೋರ್ಡು ತಲೆಯ ಮೇಲೆ ತೂಗುತ್ತಲೇ ಇತ್ತು. ಊಟ ಬಡಿಸಲೇ ಅಂದರೆ ಹೂಂ. ಉಪ್ಪು ಸರಿಯಿದೆಯೇ ಅಂದರೆ ಹೂಂ. ಹಬೆಯಾಡುವ ಅಡುಗೆಮನೆಯಲ್ಲಿ ಎರಡು ತಟ್ಟೆಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. "ನಾನು ಕಟ್ಟಿಕೊಂಡಿದ್ದು ಗಂಡನನ್ನೋ ಗೋಡೆ ಗಡಿಯಾರವನ್ನೋ," ಎಂದು ಅವಳು ಪಕ್ಕದ ಮನೆಯವಳ ಹತ್ತಿರ ಗೊಣಗುತ್ತಿದ್ದಳು. "ಗಡಿಯಾರವಾದ್ರೂ ಗಂಟೆಗೊಂದ್ಸಲ ಬಾಯಿಬಿಡತ್ತೆ."

ನಿವೃತ್ತನಾದ ವರ್ಷ ಕಂಡಕ್ಟರು ಅವನನ್ನು ಎಳೆದುಕೊಂಡು ಊರಾಚೆಯ ಗುರಿ ಹೊಡೆಯುವ ಮೈದಾನಕ್ಕೆ ಹೋದ. ಅಲ್ಲಿನ ಬಾಡಿಗೆ ಬಂದೂಕು ಹಿಡಿದು ಡ್ರೈವರು ಮೊದಲ ಏಟಿಗೇ ಹಲಗೆಯ ಕಪ್ಪು ಚುಕ್ಕೆಯನ್ನು ಹಾರಿಸಿಬಿಟ್ಟ. ಇಷ್ಟು ವರ್ಷ ರಸ್ತೆಯ ಮೇಲೆ ಕಣ್ಣು ನೆಟ್ಟು ಕೂತ ಫಲ. ಮನೆಗೆ ಬಂದು, "ನಟ್ಟನಡುವೆ ಬಿತ್ತು ಕಣೇ," ಎಂದ. ಅವಳು ಹೊಲಿಗೆ ಮಷೀನು ನಿಲ್ಲಿಸಿ ಅವನ ಮುಖ ನೋಡಿದಳು. ಕೇಳದೇ ಬಂದ ಮಾತು ಅದೊಂದೇ.

ತನ್ನದೇ ಬಂದೂಕು ಬೇಕೆನ್ನಿಸಿತು ಅವನಿಗೆ. ಅಂಗಡಿಗೆ ಹೋದ, ಒಂದನ್ನು ಆರಿಸಿದ, ಅರ್ಜಿ ಕೊಟ್ಟ. ಕೊಳ್ಳುವವನ ಪೂರ್ವಾಪರ ವಿಚಾರಿಸಿದ ಮೇಲೇ ಬಂದೂಕು ಕೈಗೆ ಸಿಗುವುದು ಎಂದು ಅಂಗಡಿಯವನು ಹೇಳಿದಾಗ ಡ್ರೈವರು ತಲೆಯಾಡಿಸಿದ. ಕೆಂಪು ದೀಪಕ್ಕೆ ಕಾದು ಪಳಗಿದ ಮನುಷ್ಯ, ಕಾಯುವುದು ಅವನಿಗೆ ಹೊಸದೇ? ಆದರೆ ಕೆಂಪು ದೀಪ ಹಸಿರಾಗುತ್ತದೆ. ಈ ಆಫೀಸು ಆಗಲಿಲ್ಲ. ಅಧಿಕಾರಿಗಳು ಬಂದು ನೆರೆಯವರನ್ನು ವಿಚಾರಿಸಿದರು. ಈತ ಯಾರ ಹತ್ತಿರವೂ ಮಾತಾಡುವುದಿಲ್ಲ ಎಂದು ನೆರೆಯವರು ಹೊಗಳಿದರು. ಮಾತಾಡದವನು ಏನೋ ಮುಚ್ಚಿಡುತ್ತಿದ್ದಾನೆ, ಇನ್ನೊಮ್ಮೆ ವಿಚಾರಿಸಬೇಕು ಎಂದು ಆಫೀಸಿನವರು ಷರಾ ಬರೆದರು. ಹೀಗೆ ಫೈಲು ಮಕಾಡೆ ಮಲಗಿತು. ಡ್ರೈವರು ಶನಿವಾರ ಶನಿವಾರ ಹೋಗಿ ವಿಚಾರಿಸಿ ಬರತೊಡಗಿದ.

ಒಂದು ಶನಿವಾರ ಸಂಜೆ ಅವನು ಚಪ್ಪಲಿ ಕೂಡ ಬಿಚ್ಚದೆ ಬಾಗಿಲಲ್ಲೇ ನಿಂತು ಶುರುಮಾಡಿದ. ಅಲ್ಲಿನ ಗುಮಾಸ್ತ ಮೂಗಿನಲ್ಲಿ ಮಾತಾಡುವವನು. ಡ್ರೈವರು ಮೂಗು ಹಿಡಿದುಕೊಂಡು ಅವನ ದನಿ ತೆಗೆದ. "'ನಿಮ್ಮ ಫೈಲು ಮೇಲೆ ಹೋಗಿದೆ.' ಮೇಲೆ ಅಂದ್ರೆ ಎಲ್ಲಿ ಸ್ವಾಮಿ ಅಂದೆ. 'ಮೇಲಿನ ಮಹಡೀಲಿ.' ನಾನೇ ಹತ್ತಿ ಹೋಗಿ ಕೇಳ್ಲಾ ಅಂದೆ. 'ಹೇಗೆ ಹತ್ತುತ್ತೀರಿ? ಮೆಟ್ಟಿಲು ಇನ್ನೂ ಕಟ್ಟಿಲ್ಲ.'"

ಅವಳ ಬಾಯಲ್ಲಿ ಗುಂಡುಸೂಜಿಗಳಿದ್ದವು. ನಕ್ಕ ರಭಸಕ್ಕೆ ಒಂದು ತುಟಿಗೆ ಚುಚ್ಚಿ ರಕ್ತ ಬಂತು. ಗಂಡ ಗಾಬರಿಯಾಗಿ ಹತ್ತಿ ತಂದು ಒತ್ತಿ ಹಿಡಿದ. ಹತ್ತಿ ಒತ್ತಿಸಿಕೊಂಡೇ ಅವಳು ಇನ್ನೂ ನಗುತ್ತಿದ್ದಳು.

ಅಲ್ಲಿಂದ ಅದೊಂದು ಪದ್ಧತಿಯಾಯಿತು. ಶನಿವಾರ ಸಂಜೆ ಗಂಡನ ಹೆಜ್ಜೆ ಬಾಗಿಲಲ್ಲಿ ಕೇಳಿದರೆ ಅವಳು ಬಾಯಿಯ ಸೂಜಿಗಳನ್ನು ಒಂದೊಂದಾಗಿ ತೆಗೆದು ಸೂಜಿದಿಂಬಿಗೆ ಚುಚ್ಚುವಳು. ಕೊನೆಯ ಸೂಜಿ ದಿಂಬು ಸೇರುವವರೆಗೂ ಅವನು ಬಾಯಿ ತೆರೆಯುತ್ತಿರಲಿಲ್ಲ. ಆಮೇಲೆ ದೀಪ ಹಚ್ಚುವುದನ್ನೂ ಮರೆತು ಆ ಆಫೀಸನ್ನು, ಅಲ್ಲಿನ ಹಲ್ಲುನೋವಿನ ಸಾಹೇಬ, ಫೈಲು ತಿಂದ ಬೆಕ್ಕಿನ ಸಮೇತ, ಇಬ್ಬರೂ ಸೇರಿ ಉಪ್ಪು ಖಾರ ಹಚ್ಚಿ ಹುರಿಯುವರು. ಆ ಬಿಸಿಯಲ್ಲಿ ಬೇರೆ ಮಾತುಗಳೂ ಬರುತ್ತಿದ್ದವು: ಅವನ ಅಮ್ಮನ ವಿಷಯ, ಬ್ರೇಕು ಹಿಡಿಯದ ಒಂದು ದಿನದ ವಿಷಯ, ಮದುವೆಯ ದಿನ ಅವಳನ್ನು ನೋಡಿ ಅವನಿಗೆ ಅನ್ನಿಸಿದ್ದು. "ನಾನೇ ಒಂದ್ಸಲ ಹೋಗಿ ಅವರ ಚಳಿ ಬಿಡಿಸಿ ಬರ್ಲಾ?" ಎಂದು ಅವಳು ಕೇಳಿದರೆ ಮಾತ್ರ ಅವನು ಹೆದರುತ್ತಿದ್ದ. "ಬೇಡ ಕಣೇ. ಫೈಲು ಇನ್ನೂ ಅಡಿಗೆ ಹೋಗತ್ತೆ."

ವರ್ಷಗಳು ಹೋದವು. ಬಂದೂಕು ಬರಲಿಲ್ಲ. ಹೋದ ಶನಿವಾರ ಕೂಡ ಮೂಗಿನ ಗುಮಾಸ್ತ ಏನೋ ಅಂದಿದ್ದ.

*

ಆಫೀಸಿನಲ್ಲಿ ಮೂಗಿನ ಗುಮಾಸ್ತ ಇರಲಿಲ್ಲ. ಒಂದೇ ಅಂತಸ್ತಿನ ಕಟ್ಟಡ. ಮೆಟ್ಟಿಲು ಕಟ್ಟುವ ಪ್ರಶ್ನೆಯೇ ಇಲ್ಲ. ಕೌಂಟರಿನ ಹಿಂದೆ ಜಡೆಗೆ ಪೆನ್ನು ಸಿಕ್ಕಿಸಿಕೊಂಡ ಹೆಂಗಸೊಬ್ಬಳು ಕೂತಿದ್ದಳು.

ದರ್ಜಿಯಮ್ಮ ದಾರಿಯುದ್ದಕ್ಕೂ ಹೊಲಿದಿಟ್ಟುಕೊಂಡಿದ್ದ ಬೈಗುಳವನ್ನೆಲ್ಲ ಒಂದೇ ಉಸಿರಿಗೆ ಬಿಚ್ಚಿದಳು. ತನ್ನ ಗಂಡ ಒಂದು ನೊಣಕ್ಕೂ ಹಾರ್ನ್ ಹೊಡೆದವನಲ್ಲ, ಅವನ ಪೂರ್ವಾಪರ ವಿಚಾರಿಸಲು ಇವರಿಗೆ ಒಂದು ಜನ್ಮ ಸಾಲಲಿಲ್ಲವೇ, ಅವನಿಗೆ ಮೂರಕ್ಕೆ ಮಣ್ಣು, ಅಷ್ಟರೊಳಗೆ ಮಂಜೂರಾತಿ ಕೊಡದೆ ತಾನು ಇಲ್ಲಿಂದ ಕದಲುವುದಿಲ್ಲ. ಕಂಡಕ್ಟರು ಹಿಂದೆ ನಿಂತು, "ಕದಲಲ್ಲ," ಎಂದು ದನಿಗೂಡಿಸಿದ.

ಪೆನ್ನಿನ ಜಡೆಯವಳು ಎದ್ದು ಒಂದು ಲೋಟ ನೀರು ತಂದಿಟ್ಟಳು. ವಿವರ ಕೇಳಿ ಕಂಪ್ಯೂಟರಿನಲ್ಲಿ ಹುಡುಕಿದಳು. ಮತ್ತೊಮ್ಮೆ ಹುಡುಕಿದಳು.

"ಅಮ್ಮ, ಇದು ಯಾವ ಕಾಲಕ್ಕೋ ಮಂಜೂರಾಗಿದೆಯಲ್ಲ. ಶುರೂನಲ್ಲಿ ಎಳೆದಾಡಿದ್ದಾರೆ, ಇಲ್ಲ ಅನ್ನಲ್ಲ. ತಿಂಗಳುಗಟ್ಟಲೆ ಕಾಯಿಸಿದ್ದಾರೆ. ಆದ್ರೆ ಮೊದಲನೇ ವರ್ಷಾನೇ ಆಗಿಹೋಗಿದೆ."

"ಮತ್ತೆ ಕೊಡಲಿಲ್ಲ ಯಾಕೆ?"

"ಕೊಟ್ಟಿದ್ದೀವಿ. ಅವರೇ ಬಂದು, ಬಂದೂಕು ಬೇಡ ಅಂತ ಕಾಗದ ವಾಪಸ್ ಮಾಡಿ ಹೋಗಿದ್ದಾರೆ."

"ಮೂಗಲ್ಲಿ ಮಾತಾಡೋ ಗುಮಾಸ್ತರು ಎಲ್ಲಿ? ಅವರನ್ನ ಕರೀರಿ. ಹೋದ ಶನಿವಾರ ನನ್ನ ಗಂಡನ್ನ ವಾಪಸ್ ಕಳಿಸಿದ್ದಾರೆ."

"ಅವರಾ? ಅವರು ರಿಟೈರಾಗಿ ಮಗಳ ಊರಿಗೆ ಹೋಗಿ ಎಷ್ಟೋ ವರ್ಷ ಆಯ್ತಮ್ಮ. ಮತ್ತೆ, ಶನಿವಾರ ನಾವು ಮಧ್ಯಾಹ್ನವೇ ಬಾಗಿಲು ಹಾಕ್ತೀವಿ."

ದರ್ಜಿಯಮ್ಮ ನೀರಿನ ಲೋಟ ಮುಟ್ಟದೆ ಹೊರಟಳು. ಹೊರಗೆ ಬಂದ ಮೇಲೆ ಕಂಡಕ್ಟರು ಗಂಟಲು ಸರಿಮಾಡಿಕೊಂಡ. "ಅಲ್ಲಕ್ಕ, ಹಂಗಾದ್ರೆ ಶನಿವಾರ ಶನಿವಾರ ಎಲ್ಲಿಗೆ ಹೋಗ್ತಿದ್ದ ಇವನು?"

ಅವಳಿಗೂ ಅದೇ ತಿಳಿಯಬೇಕಾಗಿತ್ತು. ಬಂದೂಕು ಆರಿಸಿದ್ದ ಅಂಗಡಿಯವನಿಗೆ ಗೊತ್ತಿರಬಹುದೆಂದು ಅಳುಕುತ್ತಲೇ ಆ ಕಡೆ ಹೊರಟಳು. ಗಂಡ ಸತ್ತ ಮೂರನೇ ದಿನಕ್ಕೆ ಅವನ ಬಗ್ಗೆ ಹೊಸ ವಿಷಯ ತಿಳಿಯುವುದೆಂದರೆ ಯಾವ ಹೆಂಡತಿಗೂ ಭಯವೇ.

*

ಬಂದೂಕಿನ ಅಂಗಡಿ ಎರಡು ಬೀದಿ ಆಚೆ. ಅಂಗಡಿಯವನು ಕರಿ ಕೋಟು ತೊಟ್ಟು, ಇವರ ಮನೆಗೇ ಹೊರಡಲು ಕದಕ್ಕೆ ಬೀಗ ಹಾಕುತ್ತಿದ್ದವನು, ಅವಳನ್ನು ಕಂಡು ಮತ್ತೆ ತೆರೆದ. ಒಳಗೆ ಎಣ್ಣೆಯ ವಾಸನೆ. ಕಿಟಕಿಯ ಪಕ್ಕ ಒಂದು ಬೆಂಚು. ಬೆಂಚಿನ ಮೇಲೆ ಅವಳೇ ಹೊಲಿದ ನೀಲಿ ದಿಂಬು. ಬಸ್ಸಿನಲ್ಲಿ ಕಳೆದುಹೋಯಿತು ಎಂದು ಗಂಡ ಹೇಳಿದ್ದ ದಿಂಬು.

"ಇಲ್ಲಿ ಕೂರ್ತಿದ್ರಾ?" ಎಂದಳು.

"ಇಲ್ಲೇ ಅಮ್ಮ. ಮಂಜೂರಾತಿ ಸಿಕ್ಕಿದ ದಿನ ಇಲ್ಲಿ ಕೂತ್ಕೊಂಡು, ಮುಖ ಸಣ್ಣದು ಮಾಡ್ಕೊಂಡು, ಈಗೇನಪ್ಪ ಮಾಡೋದು ಅಂದ್ರು. ಬಂದೂಕು ತಗೊಂಡು ಮನೆಗೆ ಹೋಗಿ ಅಂದೆ. 'ಇದು ಮನೆಗೆ ಬಂದ್ರೆ ಶನಿವಾರ ಅವಳ ಹತ್ರ ಏನು ಮಾತಾಡ್ಲಿ?' ಅಂದ್ರು. ಅದನ್ನ ಬೇರೆಯವರಿಗೆ ಮಾರಿಬಿಡು ಅಂದ್ರು. ಮಾರಿಬಿಟ್ಟೆ."

"ಮತ್ತೆ ಆ ಗುಮಾಸ್ತ? ಆ ಹಲ್ಲುನೋವಿನ ಸಾಹೇಬ? ಫೈಲು ತಿಂದ ಬೆಕ್ಕು?"

"ಗುಮಾಸ್ತರೊಬ್ಬರು ನಿಜ. ಅವರ ಮಾತು, ಉಳಿದವರು, ಎಲ್ಲ ಈ ಬೆಂಚಲ್ಲೇ ಹುಟ್ಟಿದ್ದು. ಗಿರಾಕಿ ಇಲ್ಲದಾಗ ನನ್ನ ಮುಂದೆ ಆಡಿ ತೋರಿಸೋರು. ಇದಕ್ಕೆ ಅವಳು ನಗ್ತಾಳಾ ಅಂತ ಕೇಳೋರು. ನಾನು ನಕ್ಕರೆ ನಂಬ್ತಿರಲಿಲ್ಲ. ನೀನು ಎಲ್ಲದಕ್ಕೂ ನಗ್ತೀಯ, ನಿನ್ನದೇನು ಲೆಕ್ಕ ಅನ್ನೋರು."

ದರ್ಜಿಯಮ್ಮ ದಿಂಬನ್ನು ಎತ್ತಿ ತಿರುಗಿಸಿ ನೋಡಿದಳು. ಹೊಲಿಗೆ ಒಂದು ಕಡೆ ಬಿಟ್ಟಿತ್ತು.

"ಇಷ್ಟು ವರ್ಷ ನನ್ನ ಕಿವಿ ಮೇಲೆ ಹೂವಿಟ್ಟರಲ್ಲ," ಎಂದಳು. ಸಿಟ್ಟು ಬಂದಿತ್ತು, ನಿಜವಾಗಿಯೂ ಬಂದಿತ್ತು. ಪಾಪದ ಆ ಆಫೀಸಿಗೆ ತಾನು ಹಾಕಿದ ಶಾಪಗಳೆಲ್ಲ ನೆನಪಾದವು. ಅದರ ಹಿಂದೆಯೇ, ಹಲಗೆಯ ಕಪ್ಪು ಚುಕ್ಕೆಯನ್ನು ಮೊದಲ ಏಟಿಗೇ ಹಾರಿಸಿದ ಮನುಷ್ಯ ಬಂದೂಕು ಬಿಟ್ಟು ಈ ಗಟ್ಟಿ ಬೆಂಚಿನ ಮೇಲೆ ಕೂತು ತನಗಾಗಿ ಗುಮಾಸ್ತರನ್ನೂ ಬೆಕ್ಕುಗಳನ್ನೂ ಹುಟ್ಟಿಸುತ್ತಿದ್ದುದು ಕಣ್ಣಿಗೆ ಕಟ್ಟಿತು. ಅವನ ಮೇಲೆ ಇಷ್ಟು ಪ್ರೀತಿ ಅವಳಿಗೆ ಅವನು ಬದುಕಿದ್ದಾಗಲೂ ಉಕ್ಕಿರಲಿಲ್ಲ.

ಮನೆಗೆ ನಡೆಯುವಾಗ ಕಂಡಕ್ಟರು ಮುಖ ಊದಿಸಿಕೊಂಡಿದ್ದ. "ಒಂದೇ ಬಸ್ಸಲ್ಲಿ ಜೀವ ಸವೆಸಿದ್ವಿ. ನನಗೂ ಹೇಳಲಿಲ್ಲ ನೋಡಿ."

"ನಿಮಗೆ ಹೇಳಿದ್ರೆ ಕೊನೇ ಸ್ಟಾಪಿನವರೆಗೂ ಟಿಕೆಟ್ ಹಂಚಿದಂಗೆ ಹಂಚ್ತಿದ್ರಿ."

ಅವನು ಅದನ್ನು ಒಪ್ಪಿಕೊಂಡ. ಸ್ವಲ್ಪ ದೂರ ಹೋದ ಮೇಲೆ ಅವಳು ಇದ್ದಕ್ಕಿದ್ದಂತೆ ನಿಂತಳು.

"ಇವತ್ತೂ ಶನಿವಾರ ಕಂಡಕ್ಟ್ರೇ."



*

ಮೈದುನ ಹೇಳಿದಂತೆ ಕೂತೇ ಇದ್ದ. ಒಂದು ಕಾಲು ಗಿಡ್ಡ, ಒಂದು ಕಾಲು ಉದ್ದ. ಬಂದವರೆಲ್ಲ ಸತ್ತವನನ್ನು ನೋಡಿ, ಆಮೇಲೆ ಅವನ ಕಾಲು ನೋಡಿ ಹೋಗುತ್ತಿದ್ದರು. ಪೆಟ್ಟಿಗೆ ಇದ್ದ ಕೋಣೆಯಲ್ಲೇ ಬೆಳಕು ಚೆನ್ನಾಗಿತ್ತು. ಅವಳು ಅವನನ್ನು ಅಲ್ಲೇ ನಿಲ್ಲಿಸಿ, ಸೂಜಿಗಳನ್ನು ಬಾಯಿಗಿಟ್ಟುಕೊಂಡು, ಬಲಗಾಲಿಗೆ ಕೂತಳು.

"ಕಾಗದ ಸಿಕ್ತಾ ಅತ್ತಿಗೆ?"

ಅವಳು ಇಲ್ಲವೆಂದು ತಲೆಯಾಡಿಸಿದಳು.

"ಎಂಥಾ ಜನ ಇವರು. ಹೆಣದ ಮುಂದೂ ಕನಿಕರ ಇಲ್ಲ," ಎಂದ ಮೈದುನ. ಹಜಾರದಿಂದ ನಾಲ್ಕಾರು ಜನ ಹೌದೌದು ಅಂದರು. ಕಂಡಕ್ಟರು ಬಾಯಿ ತೆರೆದ. ಅವಳು ಒಂದು ನೋಟ ನೋಡಿದಳು. ಜೀವನದಲ್ಲಿ ಮೊದಲ ಸಲ ಅವನು ತೆರೆದ ಬಾಯನ್ನು ಹಾಗೇ ಮುಚ್ಚಿದ.

ಅಂಗಡಿಯವನು ಒಳಗೆ ಬಂದು ಪೆಟ್ಟಿಗೆಯ ಹತ್ತಿರ ಸ್ವಲ್ಪ ಹೊತ್ತು ತಲೆ ಬಾಗಿಸಿ ನಿಂತ. ಹೊರಟವನು ಹೋಗಲಾರದೆ ಅವಳ ಪಕ್ಕ ಬಗ್ಗಿದ.

"ಅಮ್ಮ, ಈ ಹೊತ್ತಲ್ಲಿ ಹೇಳಬಾರದೇನೋ. ಈ ಶನಿವಾರದ್ದೂ ತಯಾರಾಗಿತ್ತು. ಬುಧವಾರವೇ ಬಂದು ನನಗೆ ಹೇಳಿ ತೋರಿಸಿ ಹೋದ್ರು. ಇದಕ್ಕೆ ಖಂಡಿತ ನಗ್ತಾಳೆ ಅಂದಿದ್ರು."

ಮೈದುನನ ಬಲಗಾಲಿನ ಬಟ್ಟೆ ಅವಳ ಬೆರಳುಗಳಿಂದ ಜಾರಿ ಮತ್ತೆ ನೆಲಕ್ಕೆ ಬಿತ್ತು. ಅವಳು ನಿಧಾನವಾಗಿ ಎದ್ದು ಪೆಟ್ಟಿಗೆಯ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಕೂತಳು. ಸೂಜಿದಿಂಬನ್ನು ತೊಡೆಯ ಮೇಲಿಟ್ಟುಕೊಂಡಳು. ಬಾಯಿಂದ ಒಂದು ಸೂಜಿ ತೆಗೆದು ಅದಕ್ಕೆ ಚುಚ್ಚಿದಳು. ಇನ್ನೊಂದು ತೆಗೆದಳು. ಅಂಗಡಿಯವನು ಗುಮಾಸ್ತನ ದನಿಗೆ ಮೂಗು ಹಿಡಿಯಲು ಬೆರಳೆತ್ತಿ, ಕೊನೆಯ ಸೂಜಿ ದಿಂಬು ಸೇರುವುದನ್ನೇ ಕಾಯುತ್ತ ನಿಂತ.