ಲಕ್ಕಿ ಕಡ್ಡಿ ನೆಟ್ಟ ಜಾಗ

ಕೊರಮೀನನ್ನು ಗೋಣಿತಾಟಿನಲ್ಲಿ ಸುತ್ತಿಕೊಂಡು ಮರಿಯಣ್ಣ ಕೆರೆ ಏರಿ ಹತ್ತಿದ್ದನ್ನು ಯಾರೂ ನೋಡಲಿಲ್ಲ. ನೋಡಿದ್ದರೆ ಉಗಿದು ಉಪ್ಪಿನಕಾಯಿ ಹಾಕುತ್ತಿದ್ದರು. ಕೊರಮೀನು ಮರಿ ಕಾಯುವ ಜಾಗದಲ್ಲಿ ಲಕ್ಕಿ ಗಿಡದ ಕಡ್ಡಿ ನೆಡುವುದು, ನೆಟ್ಟ ಕಡೆ ಯಾರೂ ಗಾಳ ಹಾಕದಿರುವುದು ಅಲ್ಲಿನ ಮೀನಿನವರ ಕಟ್ಟುಪಾಡು. ಈ ಮೀನಿದ್ದ ಕಡೆ ಎಂಟು ದಿನದ ಹಿಂದೆ ಕಡ್ಡಿ ನೆಟ್ಟವನೇ ಮರಿಯಣ್ಣ. ಕೆರೆಯ ಮೀನು ಗುತ್ತಿಗೆ ಹಿಡಿದವರು ಸೊಳ್ಳೆಪರದೆಯಂಥ ಬಲೆ ಎಳೆದು ಕೆರೆ ಬಳಿದ ಮೇಲೆ ಮರಿ ಸಮೇತ ಕಂಡ ಕೊರಮೀನು ಅದೊಂದೇ.

ಏನು ಮಾಡುತ್ತಾನೆ, ಪಾಪ. ಆಪರೇಷನ್ ಆಗಿ ಹಾಸನದಿಂದ ಬಂದ ಹೆಂಡತಿ ಚಲುವಮ್ಮನಿಗೆ ಗಂಜಿಯೂ ಇಳಿಯುತ್ತಿರಲಿಲ್ಲ. ಕೊರಮೀನಿನ ಸಾರು ಮೈಗೆ ಹಿಡಿಯುತ್ತದೆಂದು ಪಕ್ಕದ ಮನೆ ಲಲಿತಮ್ಮ ಹೇಳಿದ್ದಳು. ಗಂಡಸಿ ಸಂತೆಯಲ್ಲಿ ಮೀನು ಮಾರುತ್ತಾ ಎಂಥವರ ಬಾಯನ್ನೂ ಮುಚ್ಚಿಸುತ್ತಿದ್ದ ಹೆಂಡತಿ ಈಗ ನೀರು ಕೇಳಲೂ ಪಿಸುಗುಡುತ್ತಿದ್ದಳು. ಮರಿಯಣ್ಣನಿಗೆ ಅದನ್ನು ಸಹಿಸಲಾಗಲಿಲ್ಲ.

ಸಾರಿನ ಬಟ್ಟಲು ಹಿಡಿದಾಗ ಅವಳು ಮುಖ ತಿರುಗಿಸಿದಳು.

"ಇದು ಮರಿ ಕಾಯೋ ಕಾಲ ಅಲ್ವಾ? ಮರಿ ಇದ್ವಾ?"

"ಇರ್ನಿಲ್ಲ ಕಣೇ. ಕುಡಿ."

"ನನ್ ಮಕ ನೋಡಿ ಯೋಳು."

ಅವನಿಂದ ಆಗಲಿಲ್ಲ. ಇವಳು ಕುಡಿಯದೇ ಹೋದರೆ ಎಂಬ ಹೆದರಿಕೆಗೆ, ಬಟ್ಟಲು ಚಾಚಿದ ಕೈಯನ್ನು ಮಾತ್ರ ಹಿಂದೆಗೆಯಲಿಲ್ಲ. ಚಲುವಮ್ಮ ಆ ಕೈಯನ್ನೇ ನೋಡಿದಳು. ಆಮೇಲೆ ಬಟ್ಟಲು ತೆಗೆದುಕೊಂಡು ಕೊನೇ ಗುಟುಕಿನವರೆಗೂ ಕುಡಿದಳು.

"ನಿನ್ ಸಮಾಧಾನಕ್ಕೆ ಕುಡ್ದಿವ್ನಿ. ಈಗ ಓಗಿ ಮರಿ ಕಾಯಿ. ಬೆಳ್ಳಕ್ಕಿ ಒಂದನ್ನೂ ಬಿಡಾಕಿಲ್ಲ."

"ನಿನ್ನ ಬಿಟ್ಟು ಎಂಗೋಗ್ಲಿ?"

"ಲಲಿತಮ್ಮ ಅವ್ಳೆ. ಅವು ಒಸಿ ದೊಡ್ಡವಾಗಾಗಂಟ ಕಾಯಿ."

ಅಂದಿನಿಂದ ಬೆಳಗಾದರೆ ಮರಿಯಣ್ಣ ಕೆರೆಗಿಳಿಯುತ್ತಿದ್ದ. ತಾನೇ ನೆಟ್ಟಿದ್ದ ಲಕ್ಕಿ ಕಡ್ಡಿ ಕಿತ್ತುಕೊಂಡು, ಮೊಣಕಾಲುದ್ದ ನೀರಿನಲ್ಲಿ ನಿಂತು ಬೆಳ್ಳಕ್ಕಿ ಓಡಿಸುತ್ತಿದ್ದ. ಮೂರನೇ ದಿನದ ಹೊತ್ತಿಗೆ ಕೆಂಪು ಮರಿಗಳ ಗುಂಪು ಅರ್ಧಕ್ಕಿಳಿದಿತ್ತು. ಉಳಿದವು ಅವನ ನೆರಳನ್ನೇ ನಂಬಿ ಕಾಲ ಸುತ್ತ ಸೇರಿಕೊಂಡಿದ್ದವು.

ಅಂದು ಮಧ್ಯಾಹ್ನ ಏರಿಯ ಮೇಲೆ ಲಲಿತಮ್ಮ ಬಂದು ನಿಂತಳು.

"ಮೇಲಕ್ಕೆ ಬಾರಣ್ಣ," ಎಂದಳು. "ಚಲುವಕ್ಕ ಓಗ್ಬುಟ್ಲು."

ಮರಿಯಣ್ಣ ಒಂದು ಕಾಲೆತ್ತಿದ. ಮರಿಗಳು ಚದುರಿ, ತಿರುಗಿ ಬಂದು ಇನ್ನೊಂದು ಕಾಲಿಗೆ ಒತ್ತಿಕೊಂಡವು. ದಡದ ಜಾಲಿಮರದಲ್ಲಿ ಬೆಳ್ಳಕ್ಕಿಗಳು ಕೂತೇ ಇದ್ದವು. ಎತ್ತಿದ ಕಾಲನ್ನು ಎಲ್ಲಿಡಬೇಕೆಂದು ತಿಳಿಯದೆ ಅವನು ಹಾಗೇ ನಿಂತಿದ್ದ.