ಮೂಗು ಮೇಷ್ಟ್ರು

ಚಪ್ಪಲಿ ಕಾರ್ಖಾನೆಯ ಹಿಂದಿನ ಕೋಣೆಗೆ ಫ್ಯಾನ್ ಇಲ್ಲ. ಗಾಳಿಯಾಡಿದರೆ ಧೂಳು ಹಾರಿ, ಅಟ್ಟೆ ಅಂಟಿಸುವ ಹಸಿ ಸಲ್ಯೂಷನ್‌ಗೆ ಅಂಟುತ್ತದೆಂದು ಯಜಮಾನರು ಕಿಟಕಿಗೂ ತಗಡು ಬಡಿಸಿದ್ದರು. ಅಲ್ಲಿ ದಿನಕ್ಕೆ ಹತ್ತು ಗಂಟೆ ಕೂತು ಅಟ್ಟೆಗೆ ಸಲ್ಯೂಷನ್ ಹಚ್ಚುವವನು ಅಕ್ಕನ ತಮ್ಮ. ಅಕ್ಕ ಎಂದರೆ ಮುಂದಿನ ಕೋಣೆಯಲ್ಲಿ ಚಪ್ಪಲಿ ಪಟ್ಟಿ ಹೊಲಿಯುವ ಹೆಂಗಸು. ಜೊತೆಯ ಐವರು ಹೊಲಿಯುವವರಿಗೂ, ಯಜಮಾನರಿಗೂ ಆಕೆ ಅಕ್ಕನೇ.

ಹಚ್ಚಿದ ಸಲ್ಯೂಷನ್ ಒಂದಿಷ್ಟು ಆರಿದ ಮೇಲೆಯೇ ಅಟ್ಟೆ ಕೂರಿಸಬೇಕು. ಬೇರೆ ಕಡೆ ಬೆರಳಲ್ಲಿ ಮುಟ್ಟಿ ನೋಡುತ್ತಾರೆ. ಇಲ್ಲಿ ಬೆರಳು ತಾಗಿದರೆ ಮಾಲು ಕೆಡುತ್ತದೆಂದು ಮೂಸಿ ನೋಡುವ ಪದ್ಧತಿ. ತಮ್ಮನ ಮೂಗು ಒಮ್ಮೆಯೂ ತಪ್ಪಿದ್ದಿಲ್ಲ. ಯಜಮಾನರೇ ಅವನಿಗೆ ‘ಮೂಗು ಮೇಷ್ಟ್ರು’ ಎಂದು ಹೆಸರಿಟ್ಟರು. ಬಿರುದು ಕೊಟ್ಟರು, ಮಾಸ್ಕು ಕೊಡಲಿಲ್ಲ. ಮಾಸ್ಕು ಹಾಕಿಕೊಂಡರೆ ಮೂಸುವುದು ಹೇಗೆ?

ಅವನು ಕಾರಣವಿಲ್ಲದೆ ನಗತೊಡಗಿದಾಗ ಅಕ್ಕನೂ ನಕ್ಕಳು. ಊಟ ಬಿಟ್ಟಾಗ ಗದರಿದಳು. ನಡೆಯುವಾಗ ತೂರಾಡತೊಡಗಿದ ಮೇಲೆ, ಕುಡಿತ ಕಲಿತನೆಂದು ಮನೆಯೆಲ್ಲ ಜಾಲಾಡಿದಳು.

“ಬಾಟ್ಲಿ ಎಲ್ಲಿಟ್ಟಿದೀಯ?”

“ಯಾವ ಬಾಟ್ಲಿ? ನಾನು ಟೀನೇ ಸರಿಯಾಗಿ ಕುಡಿಯಲ್ಲ.”

“ಬಾಯಿ ತೆಗಿ.”

ಬಾಯಲ್ಲಿ ಹೆಂಡದ ವಾಸನೆ ಇರಲಿಲ್ಲ, ಸಲ್ಯೂಷನ್ ವಾಸನೆ ಇತ್ತು. ಅಂದು ವಾರದ ರಜೆ. ತುಟಿಯ ಸುತ್ತ ಕೆಂಪು ಗುಳ್ಳೆಗಳು. ದಿಂಬಿನಡಿಯ ಡಬ್ಬಿಯಲ್ಲಿ ಸಲ್ಯೂಷನ್ ಅದ್ದಿದ ಬಟ್ಟೆ ಸಿಕ್ಕಿತು.

“ಇದಿಲ್ದಿದ್ರೆ ತಲೆ ಸಿಡಿಯುತ್ತೆ ಕಣಕ್ಕ,” ಎಂದು ತಮ್ಮ ಅತ್ತುಬಿಟ್ಟ.

ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಬೈಯಲಿಲ್ಲ.

“ಇದಕ್ಕಂತ ಮಾತ್ರೆ ಇಲ್ಲಮ್ಮ. ಆ ವಾಸನೆಯಿಂದ ದೂರ ಇರ್ಬೇಕು. ಹೊತ್ತಿಗೆ ಊಟ, ನಿದ್ದೆ. ವಾರಕ್ಕೊಂದ್ಸಲ ಇಲ್ಲಿಗೆ ಬಂದು ಮನಸ್ಸು ಬಿಚ್ಚಿ ಮಾತಾಡ್ಲಿ. ತಿಂಗಳುಗಟ್ಟಲೆ ಹಿಡಿಯುತ್ತೆ. ನಡುವೆ ಜಾರಿದ್ರೂ ಕೈಬಿಡ್ಬೇಡಿ. ಮೂಸ್ತಾ ಸಿಕ್ಕಿಬಿದ್ರೆ ಕಿರುಚಿ ಅಟ್ಟಿಸ್ಕೊಂಡು ಹೋಗ್ಬೇಡಿ, ಗಾಬರಿಗೆ ಎದೆ ಬಡಿತಾನೇ ನಿಂತುಬಿಡಬಹುದು. ಮೆಲ್ಲಗೆ ಮಾತಾಡಿಸಿ ಹೊರಗೆ ಕರ್ಕೊಂಡು ಬನ್ನಿ.”

“ಮೆಲ್ಲಗೆ ಮಾತಾಡೋದಕ್ಕೆ ಮಾತ್ರೆ ಇದ್ರೆ ನಮ್ಮಕ್ಕಂಗೆ ಕೊಡಿ,” ಎಂದ ತಮ್ಮ. ಎಷ್ಟೋ ದಿನದ ಮೇಲೆ ಅವನು ಕಾರಣವಿದ್ದು ನಕ್ಕಿದ್ದ.

ಸಲ್ಯೂಷನ್ ಬಿಟ್ಟು ಬೇರೆ ಕೆಲಸ ಕೊಡಿ ಎಂದು ಡಾಕ್ಟರಮ್ಮ ಬರೆದ ಚೀಟಿಯನ್ನು ಯಜಮಾನರು ಬೆಳಿಗ್ಗೆ ಹೊಲಿಗೆ ಕೋಣೆಯಲ್ಲೇ ನಿಂತು ಎರಡು ಸಲ ಓದಿದರು.

“ನಶೆ ಮಾಡೋನಿಗೆ ನನ್ನಲ್ಲಿ ಯಾವ ಕೆಲಸಾನೂ ಇಲ್ಲಕ್ಕ. ಸಲ್ಯೂಷನ್ ಕದ್ದ ಅಂತ ಪೊಲೀಸಿಗೆ ಕೊಡ್ಲಿಲ್ಲ, ಅದೇ ನಿಮ್ಮ ಪುಣ್ಯ.”

“ಮೂಸೋದು ಕಲ್ಸಿದ್ದು ನೀವೇ ಅಲ್ವಾ ಯಜಮಾನ್ರೇ?”

“ಮೂಸು ಅಂದೆ. ನಶೆ ಮಾಡ್ಕೋ ಅಂದ್ನಾ?”

“ಉಸಿರಿಗೆ ಆ ವ್ಯತ್ಯಾಸ ಗೊತ್ತಾಗಲ್ಲ.”

“ವಾದ ಬೇಡ. ಸಂಜೆ ಮಾಲು ಹೋಗ್ಬೇಕು. ನಿಮ್ಮಲ್ಲೇ ಒಬ್ರು ಹೋಗಿ ಆ ಜಾಗದಲ್ಲಿ ಕೂತ್ಕೊಳ್ಳಿ.”

ಹೊಲಿಗೆ ಮಿಷನ್‌ಗಳು ಒಂದೊಂದಾಗಿ ನಿಂತವು.

“ನಂಗೆ ಶೀತ,” ಎಂದಳು ಒಬ್ಬಳು.

“ನಂಗೆ ಹುಟ್ಟಿದಾಗ್ಲಿಂದ ವಾಸನೇನೇ ಗೊತ್ತಾಗಲ್ಲ,” ಎಂದಳು ಇನ್ನೊಬ್ಬಳು, ಆಗತಾನೆ ಪಕ್ಕದವಳ ಬುತ್ತಿ ಹಳಸಿದೆಯೆಂದು ಮೂಗು ಮುರಿದಿದ್ದವಳು.

“ನನ್ನ ತಮ್ಮಂಗೆ ಹೊರಗಡೆ ಪ್ಯಾಕಿಂಗ್ ಕೆಲಸ ಕೊಡಿ,” ಎಂದಳು ಅಕ್ಕ. “ಅಲ್ಲೀವರೆಗೂ ನಾವು ಯಾರೂ ಮಿಷನ್ ತುಳಿಯಲ್ಲ.”

“ಮಹಾ ಕೆಲಸ. ನಾನೇ ಮಾಡ್ತೀನಿ ಬಿಡಿ,” ಎಂದು ಯಜಮಾನರು ಅಂಗಿಯ ತೋಳು ಮಡಚಿ ಹಿಂದಿನ ಕೋಣೆಯ ಒಳಗೆ ಹೋದರು.

ಮೊದಲ ಗಂಟೆ ಗುನುಗು ಕೇಳಿಸಿತು. ಎರಡನೆಯ ಗಂಟೆ ಕೆಮ್ಮು. ಮೂರನೆಯ ಗಂಟೆಗೆ ಒಳಗಿನಿಂದ ಜೋರು ನಗು ಬಂತು. ಒಳಗೆ ಅವರೊಬ್ಬರೇ ಇದ್ದರು.

ಅಕ್ಕ ಒಳಹೋಗಿ ರಟ್ಟೆ ಹಿಡಿದು ಅವರನ್ನು ಹೊರಗೆ ತಂದು ಜಗುಲಿಯ ಮೇಲೆ ಕೂರಿಸಿದಳು. ಹೊರಗೆ ಕಾಯುತ್ತಿದ್ದ ತಮ್ಮ ನೀರು ತಂದುಕೊಟ್ಟ. ಯಜಮಾನರು ಬಾಯಿಗೆ ಹಿಡಿಯಹೋಗಿ ಅರ್ಧ ನೀರು ಅಂಗಿಯ ಮೇಲೆ ಚೆಲ್ಲಿಕೊಂಡರು.

“ನಂಗೇನೂ ಆಗಿಲ್ಲ,” ಎಂದರು.

“ಹಾಗಾದ್ರೆ ಏಳಿ ಯಜಮಾನ್ರೇ. ಇನ್ನೂ ಏಳು ಗಂಟೆ ಕೆಲಸ ಇದೆ,” ಎಂದಳು ಅಕ್ಕ.

ಯಜಮಾನರು ಏಳಲಿಲ್ಲ. ಹೊಲಿಯುವವರೆಲ್ಲ ಬಂದು ಜಗುಲಿಯ ಮೇಲೆ ಅವರ ಎರಡೂ ಪಕ್ಕಕ್ಕೆ ಕೂತರು. ಮಿಷನ್ ತುಳಿಯಲು ಅವರೂ ಏಳಲಿಲ್ಲ.